ಹನ್ನೆರಡಕ್ಕೆ ಅಗಸ್ತ್ಯ, ಐದೂವರೆಗೆ ತ್ರಿಶಂಕು

ಡಿಸೆಂಬರ್ 31ರ ನಡುರಾತ್ರಿ ಆಕಾಶದಲ್ಲಿ ಏನೂ ಮುಗಿಯುವುದಿಲ್ಲ, ಏನೂ ಶುರುವಾಗುವುದೂ ಇಲ್ಲ. ಭೂಮಿ ಸೂರ್ಯನನ್ನು ಸುತ್ತುವ ಹಾದಿಯಲ್ಲಿ ಆ ಜಾಗದಲ್ಲಿ ಯಾರೂ ಮೈಲಿಗಲ್ಲು ನೆಟ್ಟಿಲ್ಲ. ನೆಡಲೇಬೇಕೆಂದಿದ್ದರೆ ಮೂರ್ನಾಲ್ಕು ದಿನ ಕಾಯಬಹುದಿತ್ತು. ಜನವರಿಯ ಮೊದಲ ವಾರದಲ್ಲಿ ಭೂಮಿ ಸೂರ್ಯನಿಗೆ ವರ್ಷದಲ್ಲೇ ಅತಿ ಹತ್ತಿರ, ಸುಮಾರು 14.7 ಕೋಟಿ ಕಿಲೋಮೀಟರ್ ದೂರಕ್ಕೆ ಬರುತ್ತದೆ. ಆದರೂ ಕಷ್ಟದ ವರ್ಷವೊಂದನ್ನು ಕಳೆದವರಿಗೆ ಗೆರೆ ಎಳೆಯಲು ಒಂದು ರಾತ್ರಿ ಬೇಕೆನ್ನಿಸುತ್ತದೆ. ಮನೆಯಲ್ಲಿ ಸಾವಾದ ವರ್ಷ, ಕೆಲಸ ಹೋದ ವರ್ಷ, ಬೆಳೆ ಕೈಕೊಟ್ಟ ವರ್ಷ, ಆಸ್ಪತ್ರೆಯ ಕಾರಿಡಾರಿನಲ್ಲೇ ಅರ್ಧ ಕಳೆದುಹೋದ ವರ್ಷ. ಇಂಥದನ್ನು ಬೀಳ್ಕೊಡಲು ಚಾಲ್ತಿಯಲ್ಲಿರುವ ದಾರಿ ಎರಡು: ಗದ್ದಲ ಮತ್ತು ಸಂಕಲ್ಪ. ಗದ್ದಲ ಮರುದಿನ ಬೆಳಿಗ್ಗೆಯ ತಲೆನೋವಿನವರೆಗೆ ಉಳಿದರೆ ಹೆಚ್ಚು. ಸಂಕಲ್ಪ ಸಂಕ್ರಾಂತಿಯ ಎಳ್ಳುಬೆಲ್ಲದ ಹೊತ್ತಿಗೆ ಕರಗಿರುತ್ತದೆ. ಮೂರನೆಯ ದಾರಿಯೊಂದಿದೆ. ಅದಕ್ಕೆ ಬೇಕಾದದ್ದು ಒಂದು ರೇಡಿಯೊ, ಒಂದು ಚಾಪೆ, ಒಂದಿಷ್ಟು ತೆರೆದ ಆಕಾಶ. ಪರವಾನಗಿ ಪಡೆದ ಹವ್ಯಾಸಿಗಳು ತಮ್ಮಲ್ಲೇ ಮಾತಾಡಿಕೊಳ್ಳುವ ಹ್ಯಾಮ್ ರೇಡಿಯೊ ಮತ್ತು ನಕ್ಷತ್ರ ವೀಕ್ಷಣೆಯನ್ನು ಬೇರೆ ಬೇರೆ ಹವ್ಯಾಸಗಳೆಂದು ಹೇಳಿಕೊಡುವವರು ಬಹಳ ಮಂದಿ ಇದ್ದಾರೆ. ಅವೆರಡೂ ಒಂದೇ ಕೆಲಸದ ಎರಡು ಮುಖಗಳು, ಆ ಕೆಲಸ ದಣಿದ ಮನಸ್ಸಿಗೆ ಹೇಳಿ ಮಾಡಿಸಿದಂತಿದೆ ಎಂಬುದು ನನ್ನ ವಾದ.

ದೂರದಿಂದ ಬರುವುದನ್ನು ಕಾದು ಪಡೆಯುವುದೇ ಆ ಕೆಲಸ. ಹ್ಯಾಮ್ ಎಂದ ಕೂಡಲೇ ಮೈಕ್ ಹಿಡಿದು ಮಾತಾಡುವ ಚಿತ್ರ ಕಣ್ಣಿಗೆ ಬರುತ್ತದೆ. ಅನುಭವಿ ಹ್ಯಾಮ್‌ಗಳು ಹೊಸಬರಿಗೆ ಮೊದಲು ಹೇಳಿಕೊಡುವ ಪಾಠವೇ ಬೇರೆ: ಕೇಳು, ಇನ್ನೂ ಕೇಳು, ಆಮೇಲೆ ಬೇಕಿದ್ದರೆ ಗುಂಡಿ ಒತ್ತು. ಕಷ್ಟದ ವರ್ಷದ ಭಾರದಲ್ಲಿ ದೊಡ್ಡ ಪಾಲು ಅದರ ಕಥೆಯನ್ನು ನಾವು ನಮಗೇ ಮತ್ತೆ ಮತ್ತೆ ಹೇಳಿಕೊಳ್ಳುವುದರಿಂದ ಬರುತ್ತದೆ. ಕಿವಿ ಪೂರ್ತಿ ದುಡಿಯುತ್ತಿರುವಾಗ ಆ ಹೇಳಿಕೆ ತಾನಾಗಿ ಹಿಂದೆ ಸರಿಯುತ್ತದೆ. ಇದರ ಜೊತೆಗೆ ಹ್ಯಾಮ್ ಜಗತ್ತಿನ ಒಂದು ವಿಚಿತ್ರ ನಿಯಮವೂ ಸೇರಿಕೊಳ್ಳುತ್ತದೆ. ಸಾರ್ವಜನಿಕ ದೂರಸಂಪರ್ಕದ ನೆರವು ಪಡೆಯುವಷ್ಟು ಮಹತ್ವವಿಲ್ಲದ ವೈಯಕ್ತಿಕ ಮಾತುಗಳನ್ನಷ್ಟೇ ಹ್ಯಾಮ್‌ಗಳು ಆಡಬೇಕು ಎಂದು ಅಂತರರಾಷ್ಟ್ರೀಯ ರೇಡಿಯೊ ನಿಯಮಾವಳಿಯಲ್ಲಿ ಬಹುಕಾಲ ಬರೆದಿತ್ತು. ಅಂದರೆ ಮಾತು ಕ್ಷುಲ್ಲಕವಾಗಿರಬೇಕೆಂಬುದೇ ಕಾನೂನು! ವ್ಯಾಪಾರದ ಮಾತು ಇಂದಿಗೂ ನಿಷಿದ್ಧ. ರಾಜಕೀಯ, ಧರ್ಮಗಳನ್ನು ಹ್ಯಾಮ್‌ಗಳು ಮುಟ್ಟುವುದಿಲ್ಲ. ಉಳಿಯುವುದು ನಿಮ್ಮೂರ ಹವೆ, ನಿಮ್ಮ ಆಂಟೆನಾ, ನಿಮ್ಮ ಸಿಗ್ನಲ್ ಇಲ್ಲಿಗೆ ಹೇಗೆ ಬರುತ್ತಿದೆ ಎಂಬ ಸುದ್ದಿ. ಸಾಂತ್ವನ ಹೇಳಲು ಬಂದವರಿಗೆ ಉತ್ತರ ಕೊಟ್ಟು ಕೊಟ್ಟು ಸುಸ್ತಾದವರಿಗೆ ಇಂಥ ಮಾತು ಎಷ್ಟು ಹಗುರವೆಂದು ಬಿಡಿಸಿ ಹೇಳಬೇಕಿಲ್ಲ. ನಕ್ಷತ್ರಗಳಂತೂ ಅಷ್ಟನ್ನೂ ಕೇಳುವುದಿಲ್ಲ.

ಎರಡೂ ಒಂದೇ ಎಂಬುದು ಬರಿಯ ಭಾವುಕತೆಯಲ್ಲ, ಇತಿಹಾಸದಲ್ಲೇ ಪುರಾವೆಯಿದೆ. ಅಟ್ಲಾಂಟಿಕ್ ದಾಟುವ ರೇಡಿಯೊ ದೂರವಾಣಿಗೆ ಅಡ್ಡಿಮಾಡುತ್ತಿದ್ದ ಕರಕರ ಸದ್ದಿನ ಮೂಲ ಹುಡುಕಲು ಹೊರಟ ಕಾರ್ಲ್ ಜಾನ್ಸ್ಕಿಗೆ, ಒಂದು ಸದ್ದು ದಿನಕ್ಕೊಮ್ಮೆ ಜೋರಾಗುವುದು ಕಂಡಿತು. ಗಡಿಯಾರ ಹಿಡಿದು ನೋಡಿದರೆ ಆ ದಿನ 24 ಗಂಟೆಯದಾಗಿರದೆ 23 ಗಂಟೆ 56 ನಿಮಿಷದ್ದಾಗಿತ್ತು. ಅದು ನಕ್ಷತ್ರಗಳ ದಿನ. ಸದ್ದು ಆಕಾಶಗಂಗೆಯಿಂದ ಬರುತ್ತಿತ್ತು. 1933ರಲ್ಲಿ ಆತ ಇದನ್ನು ಪ್ರಕಟಿಸಿದಾಗ ವೃತ್ತಿನಿರತ ಖಗೋಳಜ್ಞರು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ತಲೆ ಕೆಡಿಸಿಕೊಂಡವನು ಗ್ರೋಟ್ ರೀಬರ್ ಎಂಬ ಹ್ಯಾಮ್. ಷಿಕಾಗೊ ಬಳಿಯ ವೀಟನ್‌ನಲ್ಲಿ, 1937ರಲ್ಲಿ, ಮನೆಯ ಪಕ್ಕದ ಜಾಗದಲ್ಲಿ ಸುಮಾರು 9.5 ಮೀಟರ್ ಅಗಲದ ಲೋಹದ ಬೋಗುಣಿ ಕಟ್ಟಿ ಆಕಾಶದ ರೇಡಿಯೊ ನಕ್ಷೆ ಬರೆದ. ಇನ್ನು ನಮ್ಮ ಕಾಲದ ಜೋ ಟೇಲರ್: ಜೋಡಿ ನಕ್ಷತ್ರ ವ್ಯವಸ್ಥೆಯ ಪಲ್ಸಾರ್ ಕಂಡುಹಿಡಿದದ್ದಕ್ಕೆ 1993ರಲ್ಲಿ ರಸೆಲ್ ಹಲ್ಸ್ ಜೊತೆ ನೊಬೆಲ್ ಹಂಚಿಕೊಂಡ ಈ ವಿಜ್ಞಾನಿ, ರೇಡಿಯೊದಲ್ಲಿ ತಮ್ಮನ್ನು ಗುರುತಿಸುವ ಕೆ1ಜೆಟಿ ಎಂಬ ಕಾಲ್‌ಸೈನಿನ ಹ್ಯಾಮ್ ಕೂಡ. ಚಂದ್ರನಿಗೆ ಬಡಿದು ಎರಡೂವರೆ ಸೆಕೆಂಡಿನಲ್ಲಿ ಮರಳುವ ಕ್ಷೀಣ ಸಿಗ್ನಲ್‌ಗಳನ್ನು, ಉಲ್ಕೆಯ ಬಾಲಕ್ಕೆ ತಾಗಿ ಚಿಮ್ಮುವ ಸಿಗ್ನಲ್‌ಗಳನ್ನು ಹೆಕ್ಕಿ ಓದುವ ತಂತ್ರಾಂಶವನ್ನು ರೂಪಿಸಿ ಹ್ಯಾಮ್‌ಗಳ ಕೈಗಿಟ್ಟವರು ಅವರೇ. ಕರ್ನಾಟಕವೂ ಈ ಕಥೆಯ ಹೊರಗಿಲ್ಲ. ಗೌರಿಬಿದನೂರಿನ ಬಯಲಿನಲ್ಲಿ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶ ಆಲಿಸಲು ಕಟ್ಟಿದ ಸಾಲು ಸಾಲು ಆಂಟೆನಾಗಳು, ದೂರದಿಂದ ನೋಡಿದರೆ ದ್ರಾಕ್ಷಿ ಚಪ್ಪರಕ್ಕೆ ನಿಲ್ಲಿಸಿದ ಕಂಬಗಳಂತಿದ್ದವು. 2020ರ ಆರಂಭದಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು ‘ಸರಸ್ 3’ ಎಂಬ ರೇಡಿಯೊ ದೂರದರ್ಶಕವನ್ನು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟು, ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಪಿಸುಮಾತಿಗೆ ಕಾದರು. ಕೆಳಗಿನ ನೆಲದ ಏರುಪೇರು ಅಳತೆ ಕೆಡಿಸದಿರಲಿ ಎಂದು ನೀರಿನ ಮೇಲೆ ಕೂರಿಸಿದ್ದು.

ಇನ್ನು ಆ ರಾತ್ರಿ ಮಾಡುವುದೇನು? ಊಟ ಮುಗಿಸಿ ಎಂಟು ಗಂಟೆಗೆ ಮಹಡಿಗೋ ಕಣಕ್ಕೋ ಹೋಗಿ ಪೂರ್ವಕ್ಕೆ ಮುಖ ಮಾಡಿದರೆ, ಸಾಲಾಗಿ ನಿಂತ ಮೂರು ನಕ್ಷತ್ರಗಳು ಮೊದಲು ಕಣ್ಣಿಗೆ ಬೀಳುತ್ತವೆ. ಅದು ಮಹಾವ್ಯಾಧನ ನಡುಪಟ್ಟಿ. ಆ ಸಾಲನ್ನು ಮೇಲಕ್ಕೆ ಎಳೆದರೆ ಕೆಂಪುಮಿಶ್ರಿತ ರೋಹಿಣಿ, ಅದರಾಚೆ ಗೊಂಚಲಾಗಿ ಕೃತ್ತಿಕೆ. ಒಂಬತ್ತೂವರೆ ಹೊತ್ತಿಗೆ ಕೃತ್ತಿಕೆ ಬಹುತೇಕ ನೆತ್ತಿಯ ಮೇಲಿರುತ್ತದೆ. ಪಟ್ಟಿಯ ಒಂದು ಪಕ್ಕದಲ್ಲಿ ಕೆಂಡದ ಬಣ್ಣದ ಆರಿದ್ರಾ, ತಲೆಯ ಜಾಗದಲ್ಲಿ ಮಸುಕಾಗಿ ಮೃಗಶಿರ, ಈಶಾನ್ಯದಿಂದ ಏರಿ ಬರುವ ಜೋಡಿ ಪುನರ್ವಸು. ಈ ಹೆಸರುಗಳನ್ನು ಹೊಸದಾಗಿ ಕಲಿಯಬೇಕಾಗಿಲ್ಲ. ನಮ್ಮ ರೈತರ ಬಾಯಲ್ಲಿ ಇವೆಲ್ಲ ಮಳೆಗಳು. ಮೇ ನಡುವಿನಿಂದ ಜುಲೈವರೆಗೆ ಸೂರ್ಯ ಈ ನಕ್ಷತ್ರಗಳನ್ನು ಒಂದೊಂದಾಗಿ ಹಾದುಹೋಗುವಾಗ ಬೀಳುವ ಮಳೆಗೆ ಆಯಾ ನಕ್ಷತ್ರದ ಹೆಸರು. ಆದರೆ ಸೂರ್ಯ ಅಲ್ಲಿರುವಾಗ ಆ ನಕ್ಷತ್ರ ಕಾಣುವುದು ಹೇಗೆ? ರೋಹಿಣಿ ಬಂತು, ಮೃಗಶಿರ ಕೈಕೊಟ್ಟಿತು ಎಂದು ಜೂನ್ ತಿಂಗಳಿಡೀ ಲೆಕ್ಕ ಹಾಕುವ ಯಾರೂ ಆ ಹೊತ್ತಿಗೆ ಅವನ್ನು ನೋಡಿರುವುದಿಲ್ಲ. ಆರು ತಿಂಗಳು ಕಳೆದು, ಸೂರ್ಯ ಆಕಾಶದ ಎದುರು ಮಗ್ಗುಲಿಗೆ ಹೋದಾಗ, ಅದೇ ನಕ್ಷತ್ರಗಳು ರಾತ್ರಿಯಿಡೀ ತಲೆಯ ಮೇಲೆ ನಡೆಯುತ್ತವೆ. ಮುಂಗಾರು ಕೆಟ್ಟ ವರ್ಷದಲ್ಲಿ ಬೈಸಿಕೊಂಡ ನಕ್ಷತ್ರಗಳನ್ನು ಕಣ್ಣಾರೆ ಕಾಣಬೇಕಾದರೆ ಡಿಸೆಂಬರೇ ಬರಬೇಕು.

ಅದೇ ಮೂರು ನಕ್ಷತ್ರಗಳ ಸಾಲನ್ನು ಕೆಳಕ್ಕೆ, ಆಗ್ನೇಯದತ್ತ ಎಳೆದರೆ ಲುಬ್ಧಕ ಸಿಗುತ್ತದೆ. ಇರುಳಿನ ಆಕಾಶದಲ್ಲಿ ಅದಕ್ಕಿಂತ ಪ್ರಕಾಶದ ನಕ್ಷತ್ರ ಬೇರೊಂದಿಲ್ಲ. ಅದರಿಂದ ದಕ್ಷಿಣಕ್ಕೆ ಮೂರೂವರೆ ಮುಷ್ಟಿ ಅಳೆಯಿರಿ (ಕೈ ಚಾಚಿ ಹಿಡಿದ ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ), ಅಲ್ಲಿ ಅಗಸ್ತ್ಯ. ಪ್ರಕಾಶದಲ್ಲಿ ಎರಡನೆಯದು. ಮೊದಲಿಗೆ ಆಕಾಶದಲ್ಲಿ ಮೈಲಿಗಲ್ಲಿಲ್ಲ ಎಂದೆನಲ್ಲ, ಕಾಕತಾಳೀಯವಾಗಿ ಒಂದಿದೆ. ಡಿಸೆಂಬರ್ 31ರ ರಾತ್ರಿ ಬೆಂಗಳೂರಿನಲ್ಲಿ ಗಡಿಯಾರ ಹನ್ನೆರಡು ದಾಟಿ ಐದು ನಿಮಿಷದೊಳಗೆ ಅಗಸ್ತ್ಯ ನೇರ ದಕ್ಷಿಣದಲ್ಲಿ, ತಾನು ಏರಬಲ್ಲ ಅತಿ ಎತ್ತರದಲ್ಲಿ, ದಿಗಂತದಿಂದ ಎರಡೂವರೆ ಮುಷ್ಟಿ ಮೇಲೆ ನಿಂತಿರುತ್ತದೆ. ಕಾರವಾರದವರಿಗೆ ಇದು ಕಾಲು ಗಂಟೆ ತಡ, ಬೀದರ್‌ನವರಿಗೆ ಅರ್ಧ ಮುಷ್ಟಿ ಕೆಳಗೆ. ಕಾವೇರಿಯನ್ನು ಕಮಂಡಲದಲ್ಲಿ ತುಂಬಿಕೊಂಡ ಮುನಿಯ ಹೆಸರಿನ ಈ ನಕ್ಷತ್ರ ದಕ್ಷಿಣದವರ ಸ್ವತ್ತು. ದೆಹಲಿಯಲ್ಲಿ ದಿಗಂತದ ಧೂಳಿನಲ್ಲಿ ಮುಳುಗಿರುತ್ತದೆ. ಲಂಡನ್ನಿನ, ನ್ಯೂಜೆರ್ಸಿಯ ಕನ್ನಡಿಗರಿಗೆ ಎಂದೂ ಕಾಣುವುದಿಲ್ಲ. ಪಟಾಕಿ ಸಿಡಿಯುವಾಗ ದಕ್ಷಿಣಕ್ಕೆ ತಿರುಗಿ ನೋಡಿದರೆ ಸಾಕು, ಕೌಂಟ್‌ಡೌನ್ ಬೇಡ. ನಕ್ಷತ್ರಗಳು ದಿನಕ್ಕೆ ನಾಲ್ಕು ನಿಮಿಷ ಬೇಗ ಬರುತ್ತವೆ, ಜಾನ್ಸ್ಕಿಯ ಸದ್ದು ಬಂದ ಹಾಗೆಯೇ. ಆದ್ದರಿಂದ ಸಂಕ್ರಾಂತಿಯ ಹೊತ್ತಿಗೆ ಅಗಸ್ತ್ಯ ಅದೇ ಜಾಗಕ್ಕೆ ಹನ್ನೊಂದು ಗಂಟೆಗೇ ಬಂದಿರುತ್ತದೆ.

ನಮ್ಮ ವರ್ಷ ಮುಗಿಯುವುದು ಯುಗಾದಿಗೆ, ಈ ಜನವರಿ ಯಾಕೆ ಎಂದು ಕೇಳುವವರಿದ್ದಾರೆ. ಒಪ್ಪುವ ಮಾತೇ. ವೀಕ್ಷಕನಿಗಂತೂ ಯುಗಾದಿಯೇ ಲಾಭ: ಚಾಂದ್ರಮಾನ ವರ್ಷದ ಕೊನೆಯ ತಿಥಿ ಅಮಾವಾಸ್ಯೆ, ಹಾಗಾಗಿ ಆ ವರ್ಷದ ಕೊನೆಯ ರಾತ್ರಿ ಚಂದ್ರನ ಬೆಳಕಿನ ಕಾಟ ಇರುವುದೇ ಇಲ್ಲ. ಡಿಸೆಂಬರ್ 31 ಹುಣ್ಣಿಮೆಯ ಅಕ್ಕಪಕ್ಕ ಬಿದ್ದರೆ ಮಸುಕು ನಕ್ಷತ್ರಗಳ ಆಸೆ ಬಿಡಬೇಕು. ಅದಕ್ಕೇ ವೀಕ್ಷಣೆಗೆ ಕೊಳ್ಳಬೇಕಾದ ಮೊದಲ ಉಪಕರಣ ದೂರದರ್ಶಕವಲ್ಲ, ತಿಥಿ ತೋರಿಸುವ ಗೋಡೆ ಕ್ಯಾಲೆಂಡರು. ಉತ್ತರ ಕರ್ನಾಟಕದವರಿಗೆ ಇನ್ನೊಂದು ಸೌಲಭ್ಯವಿದೆ. ಡಿಸೆಂಬರ್ ನಡುವಿನಿಂದ ಜನವರಿ ನಡುವಿನೊಳಗೆ ಬರುವ ಎಳ್ಳ ಅಮಾವಾಸ್ಯೆಯಂದು ಮನೆಮಂದಿಯೆಲ್ಲ ಬಂಡಿ ಕಟ್ಟಿ, ಈಗ ಟ್ರ್ಯಾಕ್ಟರ್ ಏರಿ, ಹೊಲಕ್ಕೆ ಹೋಗಿ ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲುತ್ತಾರೆ, ಸಜ್ಜೆ ರೊಟ್ಟಿ, ಪುಂಡಿಪಲ್ಯೆ ಉಂಡು ಸಂಜೆಗೆ ಮರಳುತ್ತಾರೆ. ಇನ್ನೆರಡು ತಾಸು ಅಲ್ಲೇ ಕೂತರೆ ವರ್ಷದ ಅತ್ಯುತ್ತಮ ಆಕಾಶ ಪುಕ್ಕಟೆ. ದಕ್ಷಿಣದಲ್ಲಿ ಧನುರ್ಮಾಸದ ಪೂಜೆಗೆಂದು ನಸುಕಿನಲ್ಲೇ ಏಳುವ ಮನೆಗಳಿವೆ. ಹುಗ್ಗಿ ಬೇಯುವವರೆಗಿನ ಹೊತ್ತನ್ನು ಅಂಗಳದಲ್ಲಿ ಕಳೆದರೆ ಬೇರೆ ಸಮಯ ಹೊಂದಿಸುವ ಗೋಜಿಲ್ಲ.

ಕಣ್ಣಿಗೆ ಕತ್ತಲು ಒಗ್ಗಲು 20ರಿಂದ 30 ನಿಮಿಷ ಬೇಕು. ಒಂದು ಸಲ ಮೊಬೈಲ್ ಪರದೆ ನೋಡಿದರೆ ಆ ಗಳಿಕೆಯೆಲ್ಲ ಹೋಗಿ ಮತ್ತೆ ಮೊದಲಿನಿಂದ ಶುರು. ಟಾರ್ಚಿಗೆ ಕೆಂಪು ಸೆಲ್ಲೊಫೇನ್ ಹಾಳೆ ಸುತ್ತಿ ರಬ್ಬರ್‌ಬ್ಯಾಂಡ್ ಹಾಕಿ. ನಿಂತು ಕತ್ತೆತ್ತಿ ನೋಡಬೇಡಿ. ಚಾಪೆ ಹಾಸಿ, ಕಂಬಳಿ ಹೊದ್ದು ಮಲಗಿಯೇ ನೋಡಿ. ಕೊಳ್ಳುವ ಮನಸ್ಸಿದ್ದರೆ 7×50 ಅಥವಾ 10×50 ಅಳತೆಯ ಬೈನಾಕ್ಯುಲರ್ ಸಾಕು. ಮಹಾವ್ಯಾಧನ ಪಟ್ಟಿಯ ಕೆಳಗಿನ ಮಂಜಿನಂಥ ನೀಹಾರಿಕೆ, ಕೃತ್ತಿಕೆಯ ಹತ್ತಾರು ನಕ್ಷತ್ರಗಳು, ಗುರುಗ್ರಹ ಮೇಲಿದ್ದರೆ ಅದರ ನಾಲ್ಕು ಚಂದ್ರರು ಅದರಲ್ಲೇ ಕಾಣುತ್ತವೆ. ಮೊದಲ ವರ್ಷವೇ ದೂರದರ್ಶಕ ಕೊಂಡವರಲ್ಲಿ ಹಲವರ ಮನೆಯಲ್ಲಿ ಅದು ಅಟ್ಟ ಸೇರುತ್ತದೆ.

ಪೇಟೆಯ ಬೆಳಕಿನಲ್ಲಿ ಇದೆಲ್ಲ ಆಗುವ ಮಾತೇ ಎಂಬುದು ಗಟ್ಟಿಯಾದ ಆಕ್ಷೇಪ. ಬೆಂಗಳೂರಿನ ನಡುವೆ ಆಕಾಶಗಂಗೆ ಕಾಣುವುದಿಲ್ಲ, ನಿಜ. ಮಹಾವ್ಯಾಧ, ಲುಬ್ಧಕ, ಅಗಸ್ತ್ಯ, ರೋಹಿಣಿ, ಗ್ರಹಗಳು ಮಾತ್ರ ಕಾಣುತ್ತವೆ, ಮತ್ತು ಆಕಾಶದ ದಾರಿ ಕಲಿಯುವವನಿಗೆ ನಕ್ಷತ್ರ ಕಡಿಮೆಯಿದ್ದಷ್ಟೂ ಗೊಂದಲ ಕಡಿಮೆ. ಕುತೂಹಲದ ಸಂಗತಿಯೆಂದರೆ ರೇಡಿಯೊಗೂ ಪೇಟೆಯಲ್ಲಿ ಇದೇ ಪಾಡು. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್ ಇವುಗಳೊಳಗಿನ ಸರ್ಕೀಟು ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಕಡಿದು ಜೋಡಿಸುತ್ತದೆ. ಆ ಕಡಿತವೇ ರೇಡಿಯೊದಲ್ಲಿ ಗರ್ರೆನ್ನುವ ಸದ್ದು. ಒಂದೇ ಬಲ್ಬು ಕಣ್ಣಿನ ಆಕಾಶವನ್ನೂ ಕಿವಿಯ ಆಕಾಶವನ್ನೂ ಕೆಡಿಸುತ್ತದೆ. ಪರಿಹಾರವೂ ಒಂದೇ. ನಿಮ್ಮ ಮನೆಯ ಮೇನ್ ಸ್ವಿಚ್ ಒಂದು ಗಂಟೆ ಆರಿಸಿ ನೋಡಿ. ಇಡೀ ಬಡಾವಣೆಯಲ್ಲಿ ಕರೆಂಟ್ ಹೋದಾಗ ಎಲ್ಲರೂ ಶಪಿಸುತ್ತಿದ್ದರೆ, ಬ್ಯಾಟರಿಯ ರೇಡಿಯೊ ಹಿಡಿದ ಹವ್ಯಾಸಿ ಮಾತ್ರ ಮಹಡಿಯ ಮೆಟ್ಟಿಲನ್ನು ಎರಡೆರಡಾಗಿ ಹತ್ತುತ್ತಿರುತ್ತಾನೆ.

ರೇಡಿಯೊವನ್ನು ಪರವಾನಗಿಯಿಂದ ಶುರುಮಾಡಲು ಹೋಗಿ ಬಹಳ ಜನ ಬಾಗಿಲಲ್ಲೇ ನಿಲ್ಲುತ್ತಾರೆ. ಶುರುಮಾಡಬೇಕಾದದ್ದು ಕಿವಿಯಿಂದ. ಮನೆಯಲ್ಲಿ ಮೀಡಿಯಂ ವೇವ್ ಇರುವ ಹಳೆಯ ಟ್ರಾನ್ಸಿಸ್ಟರ್ ಇದ್ದರೆ ಮಧ್ಯಾಹ್ನ ಒಮ್ಮೆ, ರಾತ್ರಿ ಹತ್ತರ ಮೇಲೆ ಒಮ್ಮೆ ಮುಳ್ಳು ತಿರುಗಿಸಿ ಹೋಲಿಸಿ. ಹಗಲು ಹತ್ತಿರದ ಒಂದೆರಡು ಕೇಂದ್ರ ಬಿಟ್ಟರೆ ಮೌನ. ರಾತ್ರಿ ನೂರಾರು ಕಿಲೋಮೀಟರ್ ಆಚೆಯ, ಭಾಷೆಯೇ ತಿಳಿಯದ ಕೇಂದ್ರಗಳು ತೆರೆತೆರೆಯಾಗಿ ಬಂದು ಹೋಗುತ್ತವೆ. ವಾತಾವರಣದ ಮೇಲ್ಪದರ ಸೂರ್ಯನ ಬಿಸಿಲಿಗೆ ವಿದ್ಯುದಾವೇಶ ಪಡೆದು ಅಯಾನುಗೋಳವಾಗುತ್ತದೆ. ಅದರ ಕೆಳಪದರ ಹಗಲಲ್ಲಿ ಇಂಥ ಅಲೆಗಳನ್ನು ನುಂಗುತ್ತದೆ, ಸೂರ್ಯ ಮುಳುಗಿದ ಮೇಲೆ ಕರಗುತ್ತದೆ. ಆಗ ಅಲೆಗಳು ಮೇಲಿನ ಪದರ ತಲುಪಿ ಬಾಗಿ ದೂರದಲ್ಲಿ ಇಳಿಯುತ್ತವೆ. ಹ್ಯಾಮ್‌ಗಳ 7 ಮೆಗಾಹರ್ಟ್ಸ್ ಬ್ಯಾಂಡು ಹಗಲು ಕೆಲವು ನೂರು ಕಿಲೋಮೀಟರಿಗೆ, ರಾತ್ರಿ ಸಾವಿರಾರು ಕಿಲೋಮೀಟರಿಗೆ ಕಿವಿ ತೆರೆಯುವುದು ಇದೇ ಕಾರಣಕ್ಕೆ. ಆ ಬ್ಯಾಂಡನ್ನು ಸದ್ಯಕ್ಕೆ ಯಾವ ಉಪಕರಣವನ್ನೂ ಕೊಳ್ಳದೆ ಕೇಳಬೇಕೆಂದರೆ ನೆದರ್‌ಲ್ಯಾಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದವರು ಅಂತರಜಾಲಕ್ಕೆ ಜೋಡಿಸಿರುವ ವೆಬ್‌ಎಸ್‌ಡಿಆರ್ ರಿಸೀವರ್ ಇದೆ. ಅಲ್ಲಿನ ಆಂಟೆನಾಕ್ಕೆ ಬಿದ್ದದ್ದನ್ನು ಇಲ್ಲಿ ಕೂತು ನೀವೇ ಮುಳ್ಳು ತಿರುಗಿಸಿ ಕೇಳಬಹುದು. ಇದನ್ನು ಕಳ್ಳದಾರಿ ಎಂದು ಮೂಗು ಮುರಿಯುವ ಹಳೆಯ ಹ್ಯಾಮ್‌ಗಳಿದ್ದಾರೆ. ಮುರಿಯಲಿ ಬಿಡಿ.

ಆದರೆ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ವಾಕಿಟಾಕಿ ತರಿಸಿ ಗುಂಡಿ ಒತ್ತುವುದು ಬೇಡ. ಪರವಾನಗಿಯಿಲ್ಲದ ಪ್ರಸಾರ ಅಪರಾಧ, ಮತ್ತು ನೀವು ಒತ್ತಿದ ಕಂಪನಾಂಕದಲ್ಲಿ ಇನ್ಯಾರದೋ ಜರೂರಿನ ಮಾತು ನಡೆಯುತ್ತಿರಬಹುದು. ಪರವಾನಗಿ ಕೊಡುವುದು ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ. ಅರ್ಜಿ ‘ಸರಳ್ ಸಂಚಾರ್’ ಪೋರ್ಟಲ್ ಮೂಲಕ. 12 ವರ್ಷ ತುಂಬಿದವರು ಪರೀಕ್ಷೆ ಬರೆಯಬಹುದು. ಪ್ರಶ್ನೆಗಳು ಎರಡು ಬಗೆ, ಪ್ರಾಥಮಿಕ ಎಲೆಕ್ಟ್ರಾನಿಕ್ಸ್ ಮತ್ತು ರೇಡಿಯೊ ನಿಯಮಗಳು. ರಿಸ್ಟ್ರಿಕ್ಟೆಡ್ ದರ್ಜೆಗೆ ಚುಕ್ಕಿ-ಗೆರೆಗಳ ಮೋರ್ಸ್ ಸಂಕೇತ ಬೇಕಿಲ್ಲ, ವಿಯು3ಯಿಂದ ಶುರುವಾಗುವ ಕಾಲ್‌ಸೈನ್ ಸಿಗುತ್ತದೆ. ಜನರಲ್ ದರ್ಜೆಯ ವಿಯು2ಗೆ ಮೋರ್ಸ್ ಕಳಿಸುವ, ಓದುವ ಪರೀಕ್ಷೆಯೂ ಇರುತ್ತದೆ. ನಿಯಮ, ಶುಲ್ಕ ಆಗಾಗ ಬದಲಾಗುವುದರಿಂದ ಅರ್ಜಿ ತುಂಬುವ ದಿನ ಪೋರ್ಟಲ್‌ನಲ್ಲಿರುವುದನ್ನೇ ನಂಬಿ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹ್ಯಾಮ್ಸ್‌ನಂಥ ಸಂಸ್ಥೆಗಳು ಪರೀಕ್ಷೆಗೆ ತಯಾರಿ ಕೊಡುತ್ತವೆ. ಪರೀಕ್ಷೆ, ಪೊಲೀಸ್ ಪರಿಶೀಲನೆ ಎಲ್ಲ ಮುಗಿದು ಪರವಾನಗಿ ಕೈಗೆ ಬರಲು ತಿಂಗಳುಗಳೇ ಹಿಡಿಯುತ್ತವೆ. ಹಾಗಾದರೆ ಈ ಡಿಸೆಂಬರಿಗೆ ಇದು ಉಪಯೋಗವಿಲ್ಲವಲ್ಲ ಎಂದರೆ, ಕೇಳುವುದಕ್ಕೆ ಈ ಡಿಸೆಂಬರ್, ಮಾತಾಡುವುದಕ್ಕೆ ಮುಂದಿನದು. ಕಷ್ಟದಿಂದ ಈಗಷ್ಟೇ ಹೊರಬರುತ್ತಿರುವವರಿಗೆ ಈ ನಿಧಾನ ತೊಡಕಲ್ಲ. ಹೊಸ ವರ್ಷಕ್ಕೊಂದು ಓದಬೇಕಾದ ಪುಸ್ತಕ, ಬರೆಯಬೇಕಾದ ಪರೀಕ್ಷೆ ಸಿಕ್ಕಂತಾಯಿತು.

ಕೈಯಲ್ಲಿ ವಾಟ್ಸ್‌ಆ್ಯಪ್ ಇರುವಾಗ ಯಾರಿಗೆ ಬೇಕು ಹ್ಯಾಮ್ ಎಂಬ ಪ್ರಶ್ನೆಗೆ ಡಿಸೆಂಬರ್ ಕೊನೆಯ ವಾರವೇ ಒಮ್ಮೆ ಉತ್ತರ ಕೊಟ್ಟಿದೆ. 2004ರ ಡಿಸೆಂಬರಿನಲ್ಲಿ ದೆಹಲಿಯ ಭಾರತಿ ಪ್ರಸಾದ್ ಅವರ ತಂಡ ಪೋರ್ಟ್ ಬ್ಲೇರ್‌ನಲ್ಲಿ ಬೀಡುಬಿಟ್ಟಿತ್ತು. ಹವ್ಯಾಸಿ ರೇಡಿಯೊ ಬಹಳ ವರ್ಷ ಮೌನವಾಗಿದ್ದ ಅಂಡಮಾನಿನಿಂದ ವಿಯು4ಆರ್‌ಬಿಐ ಎಂಬ ಕಾಲ್‌ಸೈನ್‌ನಲ್ಲಿ ಜಗತ್ತಿನ ಹ್ಯಾಮ್‌ಗಳಿಗೆಲ್ಲ ಉತ್ತರ ಕೊಡುವುದಷ್ಟೇ ಅವರ ಉದ್ದೇಶ. ಶುದ್ಧ ಶೋಕಿ ಎನ್ನಬಹುದಾದ ಕೆಲಸ. 26ರ ಬೆಳಿಗ್ಗೆ ಆರೂವರೆಯ ಹೊತ್ತಿಗೆ ಸುಮಾತ್ರಾ ಬಳಿ ನೆಲ ನಡುಗಿತು, ಸುನಾಮಿ ಬಂತು, ದ್ವೀಪಗಳ ದೂರವಾಣಿ ಸಂಪರ್ಕ ಹರಿದುಬಿತ್ತು. ಶೋಕಿಗೆಂದು ನಿಲ್ಲಿಸಿದ್ದ ಆಂಟೆನಾಗಳ ಮೂಲಕ ಬದುಕಿದವರ ಸುದ್ದಿ, ಬೇಕಾದ ನೆರವಿನ ವಿವರ ಮುಖ್ಯ ಭೂಮಿಗೆ ಹೋಯಿತು. ಹ್ಯಾಮ್‌ನ ನಡುವೆ ಕಂಪನಿಯಿಲ್ಲ, ಟವರ್ ಇಲ್ಲ. ಈ ತುದಿಯ ತಂತಿ, ಆ ತುದಿಯ ತಂತಿ, ಮಧ್ಯೆ ಅಯಾನುಗೋಳ. ಆದರೆ ಉಪಯುಕ್ತತೆಯ ಈ ವಾದವನ್ನು ಅತಿಯಾಗಿ ಎಳೆಯಲು ನನಗೆ ಇಷ್ಟವಿಲ್ಲ. ಎಲ್ಲ ಹ್ಯಾಮ್‌ಗಳ ಬದುಕಿನಲ್ಲಿ ಸುನಾಮಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಆ ದಿನ ನೆರವಿಗೆ ಬಂದದ್ದು ಅದಕ್ಕೆ ಮೊದಲು ಯಾವ ಉಪಯೋಗವನ್ನೂ ಎಣಿಸದೆ ಮಾಡಿದ್ದ ಅಭ್ಯಾಸ ಎಂಬುದಷ್ಟೇ ಇಲ್ಲಿಗೆ ಬೇಕಾದ ಮಾತು. ಮೈಸೂರಿನಲ್ಲಿ 1935ರಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪ್ರಸಾರ ಕೇಂದ್ರ ಶುರುಮಾಡಿದಾಗಲೂ ಅದು ಹವ್ಯಾಸವೇ. ಆಕಾಶವಾಣಿ ಎಂಬ ಹೆಸರು ದೇಶಕ್ಕೆ ಸಿಕ್ಕಿದ್ದು ಅಲ್ಲಿಂದ.

ಇದೆಲ್ಲ ಕಷ್ಟದಿಂದ ಓಡಿಹೋಗುವ ಉಪಾಯವಲ್ಲವೇ ಎಂಬುದು ಇನ್ನೂ ಗಂಭೀರ ಆಕ್ಷೇಪ. 2020ನ್ನೇ ನೋಡೋಣ. ಕೋವಿಡ್ ಹಿಂಡಿದ ಆ ವರ್ಷದ ಡಿಸೆಂಬರ್ 21ರ ಸಂಜೆ ಗುರು ಮತ್ತು ಶನಿ ಗ್ರಹಗಳು ನೈಋತ್ಯ ಆಕಾಶದಲ್ಲಿ 0.1 ಡಿಗ್ರಿಯಷ್ಟು ಹತ್ತಿರ ಬಂದು ಬರಿಗಣ್ಣಿಗೆ ಬಹುತೇಕ ಒಂದಾಗಿ ಕಂಡವು. 1623ರ ನಂತರ ಅವು ಅಷ್ಟು ಸಮೀಪ ಬಂದಿರಲಿಲ್ಲ. ಅದೇ ಶನಿಯ ಹೆಸರಿನಲ್ಲಿ ಕಷ್ಟದ ವರ್ಷಕ್ಕೆ ವಿವರಣೆ ಮಾರುವವರಿಗೆ ನಮ್ಮಲ್ಲಿ ಎಂದೂ ಬರವಿಲ್ಲ. ಶನಿ ಸೂರ್ಯನನ್ನು ಸುತ್ತಲು 29.5 ವರ್ಷ, ಹಾಗಾಗಿ ಒಂದು ರಾಶಿಗೆ ಸುಮಾರು ಎರಡೂವರೆ, ಮೂರು ರಾಶಿಗೆ ಏಳೂವರೆ: ಸಾಡೇಸಾತಿಯ ಲೆಕ್ಕ ಇಷ್ಟೇ. ದೂರದರ್ಶಕದಲ್ಲಿ ಶನಿಯ ಬಳೆಯನ್ನು ಒಮ್ಮೆ ಕಂಡವರಿಗೆ ಅದರ ಮೇಲಿನ ಭಯವನ್ನು ಮೊದಲಿನಷ್ಟೇ ಗಟ್ಟಿಯಾಗಿ ಹಿಡಿದುಕೊಳ್ಳುವುದು ಕಷ್ಟವಾಗುತ್ತದೆ. ಓಡಿಹೋಗುವುದು ಯಾವುದು, ನೇರವಾಗಿ ನೋಡುವುದು ಯಾವುದು ಎಂದು ಓದುಗರೇ ತೀರ್ಮಾನಿಸಲಿ. ಒಂದು ಮಿತಿಯನ್ನು ಮಾತ್ರ ಸ್ಪಷ್ಟವಾಗಿ ಹೇಳಬೇಕು. ನಕ್ಷತ್ರ ನೋಡುವುದು ಔಷಧವಲ್ಲ. ನಿದ್ದೆ, ಊಟ ತಿಂಗಳುಗಟ್ಟಲೆ ಕೆಟ್ಟಿದ್ದರೆ, ಬದುಕು ಬೇಡವೆನ್ನಿಸುತ್ತಿದ್ದರೆ, ಮಹಡಿ ಹತ್ತುವ ಮೊದಲು ವೈದ್ಯರನ್ನು ಕಾಣಿ ಅಥವಾ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಹಣ ಕೊಡಬೇಕಿಲ್ಲ.

ಒಬ್ಬರೇ ಕತ್ತಲಲ್ಲಿ ಹೋಗುವುದು ಹೇಗೆ, ಅದರಲ್ಲೂ ಹೆಣ್ಣುಮಕ್ಕಳು, ಎಂಬ ಚಿಂತೆ ಸಹಜ. ಮಹಡಿ ಸಾಕು ಎಂಬುದು ಒಂದು ಉತ್ತರ. ಒಬ್ಬರೇ ಹೋಗಬೇಕಿಲ್ಲ ಎಂಬುದು ಇನ್ನೊಂದು. ಬೆಂಗಳೂರಿನಲ್ಲಿ ಹವ್ಯಾಸಿ ಖಗೋಳ ವೀಕ್ಷಕರ ಸಂಘಗಳಿವೆ, ಜವಾಹರಲಾಲ್ ನೆಹರೂ ತಾರಾಲಯವಿದೆ. ಮಂಗಳೂರಿನ ಪಿಲಿಕುಳದಲ್ಲಿ ತಾರಾಲಯವಿದೆ. ಉಡುಪಿಯಲ್ಲಿ ಪೂರ್ಣಪ್ರಜ್ಞ ಹವ್ಯಾಸಿ ಖಗೋಳ ವೀಕ್ಷಕರ ಸಂಘ ವರ್ಷಗಳಿಂದ ಮಕ್ಕಳಿಗೆ ಆಕಾಶ ತೋರಿಸುತ್ತಿದೆ. ಕನ್ನಡದಲ್ಲೇ ಆಕಾಶ ಓದಲು ಮೈಸೂರಿನ ಜಿ. ಟಿ. ನಾರಾಯಣರಾವ್ ಅವರಂಥವರು ಹಾಕಿಕೊಟ್ಟ ದಾರಿಯಿದೆ. ಮಕ್ಕಳಿರುವ ಮನೆಯಲ್ಲಾದರೆ ಡಿಸೆಂಬರ್ 13-14ರ ರಾತ್ರಿಯನ್ನೇ ಮೊದಲ ಪಾಠಕ್ಕೆ ಇಟ್ಟುಕೊಳ್ಳಬಹುದು. ಫೇಥಾನ್ ಎಂಬ ಕ್ಷುದ್ರಗ್ರಹ ಬಿಟ್ಟುಹೋದ ಧೂಳು ಪುನರ್ವಸುವಿನ ದಿಕ್ಕಿನಿಂದ ಉಲ್ಕೆಗಳಾಗಿ ಸುರಿಯುವ ರಾತ್ರಿ ಅದು, ಕತ್ತಲು ಚೆನ್ನಾಗಿದ್ದರೆ ಗಂಟೆಗೆ ಹತ್ತಾರು. ಸ್ಥಳೀಯ ಕೇಂದ್ರವಿಲ್ಲದ ಎಫ್‌ಎಂ ಜಾಗವೊಂದಕ್ಕೆ ರೇಡಿಯೊ ಇಟ್ಟುಕೊಂಡಿದ್ದರೆ, ಉಲ್ಕೆಯ ಬಾಲಕ್ಕೆ ತಾಗಿದ ಎಲ್ಲಿಯದೋ ಹಾಡಿನ ಚೂರು ಒಂದೆರಡು ಸೆಕೆಂಡು ಮಿಂಚಿ ಮಾಯವಾಗುವುದೂ ಉಂಟು. ಮುಸ್ಸಂಜೆಯಲ್ಲಿ ಸದ್ದಿಲ್ಲದೆ ದಾಟುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲೂ ಹ್ಯಾಮ್ ಸೆಟ್ ಇದೆ. 2025ರ ಜುಲೈನಲ್ಲಿ ಶುಭಾಂಶು ಶುಕ್ಲಾ ಅಲ್ಲಿಂದ ಬೆಂಗಳೂರಿನ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ವಿದ್ಯಾರ್ಥಿಗಳ ಜೊತೆ ಮಾತಾಡಿದ್ದು ಅದರಲ್ಲೇ.

ಮತ್ತೆ 31ರ ರಾತ್ರಿಗೆ ಬರೋಣ. ಅಗಸ್ತ್ಯ ದಕ್ಷಿಣ ದಾಟಿದ ಮೇಲೆ ಮಲಗಿಬಿಡಿ, ಐದು ಗಂಟೆಗೆ ಅಲಾರಂ ಇಡಿ. ಹ್ಯಾಮ್‌ಗಳ ಲಾಗ್ ಪುಸ್ತಕ ನಡೆಯುವುದು ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ, ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದೆ. ಅವರ ವರ್ಷ ಮುಗಿಯುವುದು ಜನವರಿ 1ರ ಬೆಳಗಿನ ಜಾವ 5.30ಕ್ಕೆ. ಆ ಕ್ಷಣದಿಂದ 24 ಗಂಟೆ ಅಮೆರಿಕದ ಹ್ಯಾಮ್ ಸಂಘ ಎಆರ್‌ಆರ್‌ಎಲ್ ‘ಸ್ಟ್ರೇಟ್ ಕೀ ನೈಟ್’ ನಡೆಸುತ್ತದೆ: ಕಂಪ್ಯೂಟರ್ ಬೇಡ, ಹಳೆಯ ಕಾಲದ ತಂತಿ ಕಚೇರಿಯ ಹಾಗೆ ಕೈಯಿಂದ ಕುಟ್ಟುವ ಮೋರ್ಸ್. ಅಂಕವಿಲ್ಲ, ಗೆಲ್ಲುವುದಿಲ್ಲ, ಯಾರ ಕೈ ಸೊಗಸು ಎಂದು ಒಂದು ಓಟು ಹಾಕಿದರಾಯಿತು. ವೆಬ್‌ಎಸ್‌ಡಿಆರ್‌ನಲ್ಲಿ 7 ಮೆಗಾಹರ್ಟ್ಸ್‌ನ ಆರಂಭದ ಭಾಗಕ್ಕೆ ಮುಳ್ಳು ಇಟ್ಟು ಕೇಳಿ. ಮೋರ್ಸ್ ಬಾರದಿದ್ದರೂ ಒಬ್ಬೊಬ್ಬರ ಕೈ ಒಂದೊಂದು ಲಯದಲ್ಲಿ ಓಡುವುದು ಗೊತ್ತಾಗುತ್ತದೆ, ಕೆಲವರದು ತಡವರಿಸುತ್ತದೆ. ತೀರಿಕೊಂಡ ಹ್ಯಾಮ್‌ನನ್ನು ಅವರು ‘ಸೈಲೆಂಟ್ ಕೀ’ ಎನ್ನುತ್ತಾರೆ. ಅದನ್ನು ಚಿಕ್ಕದಾಗಿ ಬರೆಯುವ ಎಸ್‌ಕೆ ಅಕ್ಷರಗಳೇ ಪ್ರತಿ ಮಾತುಕತೆಯ ಕೊನೆಗೆ ಬಿತ್ತರಿಸುವ ಮುಕ್ತಾಯದ ಸಂಕೇತ ಕೂಡ.

ಅಷ್ಟು ಹೊತ್ತಿಗೆ ಹೊರಗೆ ಆಕಾಶ ಪೂರ್ತಿ ಬದಲಾಗಿರುತ್ತದೆ. ಮಳೆ ನಕ್ಷತ್ರಗಳೆಲ್ಲ ಪಡುವಣಕ್ಕೆ ಇಳಿದು, ಉತ್ತರದಲ್ಲಿ ಸಪ್ತರ್ಷಿಗಳು ಎತ್ತರದಲ್ಲಿದ್ದರೆ, ನೇರ ದಕ್ಷಿಣದಲ್ಲಿ ದಿಗಂತದಿಂದ ಒಂದೂವರೆ ಮುಷ್ಟಿ ಮೇಲೆ ನಾಲ್ಕು ನಕ್ಷತ್ರಗಳ ಸಣ್ಣ ಶಿಲುಬೆ ನೆಟ್ಟಗೆ ನಿಂತಿರುತ್ತದೆ. ಅದೇ ತ್ರಿಶಂಕು. ಆಗ್ನೇಯದಲ್ಲಿ ಕೆಂಪು ಜ್ಯೇಷ್ಠಾ ಈಗಷ್ಟೇ ಮೇಲೆ ಬಂದಿರುತ್ತದೆ. ನೋಡಿದ್ದನ್ನು, ಕೇಳಿದ್ದನ್ನು ಒಂದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ: ತಾರೀಖು, ಯುಟಿಸಿ ವೇಳೆ, ಕಂಪನಾಂಕ, ಸಿಗ್ನಲ್ ಹೇಗಿತ್ತು, ಆಕಾಶ ಹೇಗಿತ್ತು. ಹ್ಯಾಮ್‌ಗಳ ಲಾಗ್‌ನಲ್ಲಿ ‘ನನಗೆ ಹೇಗನ್ನಿಸಿತು’ ಎಂಬ ಕಾಲಂ ಇರುವುದಿಲ್ಲ, ನೀವೂ ಹಾಕಿಕೊಳ್ಳಬೇಡಿ. 5.20ಕ್ಕೆ ಕೇಳಿದ್ದನ್ನು ಹಳೆಯ ವರ್ಷದ ಪುಟದಲ್ಲೇ, 23.50 ಎಂದು ಬರೆಯಬೇಕು. ಹೊಸಬರು ಎಡವುವುದು ಇಲ್ಲೇ. ಆರು ಗಂಟೆಗೆ ಬೆಳಕು ಹರಿದು ತ್ರಿಶಂಕು ಅಳಿಸಿಹೋಗುತ್ತದೆ. ಮಂಜಿನಲ್ಲಿ ನೆಂದ ಬೈನಾಕ್ಯುಲರನ್ನು ಕೂಡಲೇ ಪೆಟ್ಟಿಗೆಗೆ ಹಾಕಿ ಮುಚ್ಚಬೇಡಿ, ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಬಟ್ಟೆಯಿಂದ ಉಜ್ಜಲೂ ಬೇಡಿ. ಮೇಜಿನ ಮೇಲಿಟ್ಟು ಗಾಳಿಗೆ ತಾನಾಗಿ ಆರಲು ಬಿಟ್ಟು ಕಾಫಿ ಮುಗಿಸಿ ಬನ್ನಿ.